ಟೈಟಾಗಿರಲಿಲ್ಲ ಸಾ



ನಂಬರ್ ಪ್ಲೇಟಿನ ಮೇಲೆ ‘ಕೆಎ 45’ ಎಂದು ಕಂಡರೆ ಆ ಗಾಡಿ ಹುಣಸೂರಿನ ಆರ್‌ಟಿಓ ಕಚೇರಿಯಲ್ಲಿ ನೋಂದಣಿಯಾದದ್ದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಸೀಮೆಯ ಬೈಕು, ಆಟೊ, ಟ್ರ್ಯಾಕ್ಟರುಗಳ ಹಣೆಯ ಮೇಲೆ ಇದೇ ಬರಹ. ಆ ಗಾಡಿಗಳಿಗೂ ನನಗೂ ಹಳೆಯ ನಂಟು. ಅವನ್ನು ಓಡಿಸಿದವರು ಕೋರ್ಟಿನ ಕಟಕಟೆಗೆ ಬಂದಾಗ ಕರಿಕೋಟು ಹಾಕಿಕೊಂಡು ಪಕ್ಕದಲ್ಲಿ ನಿಲ್ಲುವುದು ನನ್ನ ಕಸುಬು.

ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಸಿಕ್ಕಿಕೊಂಡು ಬರುವವರು ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳುವ ಮಾತೊಂದಿದೆ. “ಟೈಟಾಗಿರಲಿಲ್ಲ ಸಾ. ಒಂದೇ ಒಂದು ನೈಂಟಿ ಹಾಕಿದ್ದೆ ಅಷ್ಟೆ. ಗಾಡಿ ಗೆರೆ ಎಳೆದಂಗೆ ಬರ್ತಿತ್ತು, ಬೇಕಾದ್ರೆ ಹಿಂದೆ ಕೂತಿದ್ದ ನಮ್ಮ ಭಾವನ್ನ ಕೇಳಿ.” ಭಾವನೂ ಬಾಗಿಲಲ್ಲಿ ನಿಂತು ತಲೆ ಆಡಿಸುತ್ತಾನೆ. ಆ ದಿನ ಭಾವ ಎಷ್ಟು ಹಾಕಿದ್ದ ಎಂದು ನಾನು ಕೇಳಲು ಹೋಗುವುದಿಲ್ಲ.

ಇದು ಸುಳ್ಳಿನ ಮಾತಲ್ಲ, ಹಳೆಯ ಕಾಯ್ದೆಯ ಮಾತು. 1939ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮು ಮೊದಲಿಗೆ ಕೇಳುತ್ತಿದ್ದುದು ಇಷ್ಟೇ: ಗಾಡಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಾರದಷ್ಟು ಅಮಲು ಇತ್ತೇ? ಆ ಕಾಲಕ್ಕೆ ‘ಟೈಟಾಗಿರಲಿಲ್ಲ’ ಎಂಬುದೇ ಒಂದು ಪೂರಾ ವಾದ. 1988ರ ಕಾಯ್ದೆ 1989ರ ಜುಲೈ 1ಕ್ಕೆ ಜಾರಿಗೆ ಬರುವ ಹೊತ್ತಿಗೆ ಲೋಲಕ ಆ ತುದಿಯಿಂದ ಈ ತುದಿಗೆ ಬಂದಿತ್ತು. ರಕ್ತದಲ್ಲಿ ಮದ್ಯ ಎಷ್ಟೇ ಅಲ್ಪವಾಗಿದ್ದರೂ ಅಪರಾಧ ಎಂದಿತು ಹೊಸ 185ನೇ ಕಲಮು. 1994ರ ತಿದ್ದುಪಡಿ ಇವೆರಡರ ನಡುವೆ ಒಂದು ಅಂಕಿ ಇಟ್ಟಿತು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಬಾರದು. ಇಂಗ್ಲೆಂಡಿನಲ್ಲಿ ಈ ಅಂಕಿ 80. ಅಲ್ಲಿ 1967ರಲ್ಲೇ ಊದುವ ಪರೀಕ್ಷೆ ಬಂದಿತ್ತು. ನಮ್ಮದು ಅದಕ್ಕಿಂತ ಬಹಳ ಬಿಗಿ. ಅಂದರೆ ನನ್ನ ಕಕ್ಷಿದಾರ ತನ್ನ ಅಪ್ಪನ ಕಾಲದ ಕಾನೂನಿನ ಮೇಲೆ ವಾದ ಮಾಡುತ್ತಿದ್ದಾನೆ. ಈಗಿನ ಕಾನೂನು ಗಾಡಿ ಗೆರೆ ಎಳೆದಂತೆ ಬಂತೋ ಹಾವಿನಂತೆ ಬಂತೋ ನೋಡುವುದಿಲ್ಲ. ಅಂಕಿ ನೋಡುತ್ತದೆ.

ಆ ಅಂಕಿಯನ್ನು ನಮ್ಮ ಕಡೆಯ ಅಳತೆಗೆ ಇಳಿಸಿ ನೋಡೋಣ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ವಿಸ್ಕಿಯ 90 ಮಿಲಿಲೀಟರಿನ ಪೊಟ್ಟಣ ಬಂತು. ಅದೇ ನೈಂಟಿ. ಅದರ ಮೇಲೆ ಶೇಕಡಾ 42.8 ಎಂದು ಅಚ್ಚಾಗಿರುತ್ತದೆ. ಲೆಕ್ಕ ಹಾಕಿದರೆ ಒಳಗಿರುವ ಅಪ್ಪಟ ಆಲ್ಕೋಹಾಲ್ ಸುಮಾರು 30 ಗ್ರಾಂ. 60 ಕೆಜಿ ತೂಗುವ ಗಂಡಾಳು ಖಾಲಿ ಹೊಟ್ಟೆಯಲ್ಲಿ ಅದನ್ನು ಇಳಿಸಿದರೆ ರಕ್ತದಲ್ಲಿ 70 ಮಿಲಿಗ್ರಾಮಿನ ಆಸುಪಾಸಿಗೆ ಏರುತ್ತದೆ. ಮಿತಿಯ ಎರಡು ಪಟ್ಟು ದಾಟಿತು. “ಬರೀ ಬಿಯರ್ ಸಾ” ಎನ್ನುವವರೂ ಇದ್ದಾರೆ. 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಒಂದು ನೈಂಟಿಗಿಂತ ಹೆಚ್ಚೇ ಇರುತ್ತದೆ.

ಮೈ ರಕ್ತದ ಈ ಅಂಕಿಯನ್ನು ಇಳಿಸುವುದು ಗಂಟೆಗೆ 15 ಮಿಲಿಗ್ರಾಮಿನಷ್ಟು. ಒಬ್ಬೊಬ್ಬರಿಗೆ ಹೆಚ್ಚು ಕಡಿಮೆ ಆಗುತ್ತದೆ, ಆದರೆ ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಇವುಗಳಿಂದ ಆ ವೇಗ ಏರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್, ಅಂದರೆ ಎರಡು ನೈಂಟಿ, ಮುಗಿಸಿ ಮಲಗಿದವನ ರಕ್ತದಲ್ಲಿ ಆಗ 150ರ ಹತ್ತಿರ. ಬೆಳಿಗ್ಗೆ ಐದೂವರೆಗೆ ಎದ್ದು, ಮುಖ ತೊಳೆದು, ತರಕಾರಿ ಮೂಟೆ ಹೇರಿಕೊಂಡು ಮೈಸೂರಿನ ಮಾರ್ಕೆಟ್ಟಿಗೆ ಹೊರಟಾಗ ಇನ್ನೂ 50ರ ಸುತ್ತ ಉಳಿದಿರುತ್ತದೆ. ಅವನಿಗೆ ತಲೆನೋವು ಮಾತ್ರ ಗೊತ್ತು. ಬಿಳಿಕೆರೆಯ ಹತ್ತಿರ ಯಾರಾದರೂ ಕೈ ಅಡ್ಡ ಹಾಕಿ ಊದು ಎಂದರೆ ಅವನು ಪ್ರಾಮಾಣಿಕವಾಗಿಯೇ ಬೆರಗಾಗುತ್ತಾನೆ.

ಊದಿಸುವ ವಿಷಯಕ್ಕೆ ಬರೋಣ. ಕಾಯ್ದೆಯ 203ನೇ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ, ಅನುಮಾನಕ್ಕೆ ಸಕಾರಣವಿದ್ದರೆ, ಸಾರ್ವಜನಿಕ ಸ್ಥಳದಲ್ಲಿ ಗಾಡಿ ಓಡಿಸುತ್ತಿರುವವನನ್ನು ಅಥವಾ ಓಡಿಸಲು ಹೊರಟವನನ್ನು ಊದು ಎಂದು ಕೇಳಬಹುದು. ‘ಓಡಿಸಲು ಹೊರಟವನು’ ಎಂಬ ಮಾತನ್ನು ಗಮನಿಸಿ. ಬಾರಿನ ಮುಂದೆ ಬೈಕ್ ಹತ್ತಿ ಕೀ ತಿರುಗಿಸಿದರೂ ಸಾಕು, ಒಂದು ಮಾರು ದೂರ ಹೋಗಬೇಕಾಗಿಲ್ಲ. ಹಾಗಾದರೆ ಗಾಡಿ ತಳ್ಳಿಕೊಂಡು ಹೋಗುತ್ತಿದ್ದವನು? ಎಂಜಿನ್ ಆರಿಸಿ, ಇಳಿದು ತಳ್ಳುತ್ತಿದ್ದರೆ ಅದು ಓಡಿಸಿದಂತೆ ಆಗದು ಎಂದು ನಾನು ವಾದಿಸುತ್ತೇನೆ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದವನ ಪರವಾಗಿಯೂ ಅದೇ ವಾದ. ಎತ್ತಿನ ಗಾಡಿ ಈ ಕಾಯ್ದೆಯೊಳಗೆ ಬರುವುದೇ ಇಲ್ಲ. ಎತ್ತು ಕುಡಿದಿರುವುದಿಲ್ಲವಲ್ಲ, ಮನೆ ದಾರಿ ಅದಕ್ಕೆ ಗೊತ್ತಿರುತ್ತದೆ. ಟ್ರ್ಯಾಕ್ಟರ್ ಮಾತ್ರ ಮೋಟಾರು ವಾಹನವೇ. “ಹೊಲಕ್ಕೆ ಹೋಗೋ ಗಾಡಿ ಸಾ” ಎಂದರೆ ನಡೆಯುವುದಿಲ್ಲ.

ಊದುವ ಯಂತ್ರ ರಕ್ತವನ್ನು ನೋಡುವುದಿಲ್ಲ, ಉಸಿರನ್ನು ನೋಡುತ್ತದೆ. ಶ್ವಾಸಕೋಶದ ಆಳದಿಂದ ಬಂದ ಉಸಿರಿಗಿಂತ ರಕ್ತದಲ್ಲಿ ಸುಮಾರು 2,100 ಪಟ್ಟು ಮದ್ಯಸಾರ ಇರುತ್ತದೆ ಎಂಬ ಲೆಕ್ಕದಲ್ಲಿ ಅದು ರಕ್ತದ ಅಂಕಿ ಕಟ್ಟುತ್ತದೆ. ಇಲ್ಲೇ ನ್ಯಾಯವಾದ ಪ್ರಶ್ನೆಗಳು ಹುಟ್ಟುವುದು. ಈಗತಾನೇ ಗುಟುಕು ಹಾಕಿದವನ ಅಥವಾ ಮದ್ಯಸಾರವಿರುವ ಬಾಯಿ ತೊಳೆಯುವ ಔಷಧಿ ಮುಕ್ಕಳಿಸಿದವನ ಬಾಯೊಳಗಿನ ಆವಿ ಅಂಕಿಯನ್ನು ಸುಮ್ಮನೆ ಏರಿಸುತ್ತದೆ. ಹದಿನೈದು ನಿಮಿಷ ಕಾಯಿಸಿ ಊದಿಸಿದ್ದರೆ ಆ ಆವಿ ಹೋಗಿರುತ್ತಿತ್ತು. ಕಾಯಿಸಿದರೇ? ಒಬ್ಬನ ಬಾಯಿಗಿಟ್ಟ ಕೊಳವೆ ಇನ್ನೊಬ್ಬನಿಗೂ ಬಂತೇ? ಊದಿಸುವ ಮುಂಚೆ ಯಂತ್ರ ಬರಿಯ ಗಾಳಿಗೆ ಸೊನ್ನೆ ತೋರಿಸಿತ್ತೇ? ಅದನ್ನು ಕಡೆಯ ಸಾರಿ ಸರಿಹೊಂದಿಸಿ ತಾಳೆ ನೋಡಿದ ಪ್ರಮಾಣಪತ್ರ ಎಲ್ಲಿದೆ, ಯಾವ ತಾರೀಖಿನದು? ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಒಪ್ಪಿದ ಮಾದರಿಯ ಯಂತ್ರವೇ ಆಗಿರಬೇಕೆಂದು 203ನೇ ಕಲಮೇ ಹೇಳುತ್ತದೆ. ಆ ಮಾದರಿಯದೇ? ಯಂತ್ರದಿಂದ ಬರುವ ಚೀಟಿಯಲ್ಲಿ ಸಮಯ, ಯಂತ್ರದ ನಂಬರು, ಅಂಕಿ ಇರುತ್ತವೆ. ಕೆಲವು ಚೀಟಿಗಳಲ್ಲಿ 30 ಎಂದು ಬರುತ್ತದೆ, ಕೆಲವುಗಳಲ್ಲಿ 0.030 ಎಂದು ಬರುತ್ತದೆ. ಎರಡೂ ಒಂದೇ. ತನ್ನ ಚೀಟಿಯ 0.092 ನೋಡಿ “ಒಂದೂ ಆಗಿಲ್ವಲ್ಲ ಸಾ” ಎಂದು ಸಂತೋಷಪಟ್ಟವನನ್ನು ನಾನು ಬಲ್ಲೆ.

ಊದುವುದಿಲ್ಲ ಎಂದು ಬಾಯಿ ಬಿಗಿಹಿಡಿದರೆ? ಹಳ್ಳಿಗಳಲ್ಲಿ ಇದನ್ನೊಂದು ಉಪಾಯವೆಂದು ಹೇಳಿಕೊಡುವವರಿದ್ದಾರೆ. ಕೆಟ್ಟ ಉಪಾಯ. ಅನುಮಾನಕ್ಕೆ ಕಾರಣವಿದ್ದು ನಿರಾಕರಿಸಿದವನನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ಮುಂದೆ 204ನೇ ಕಲಮಿನಂತೆ ಠಾಣೆಗೆ ವೈದ್ಯರನ್ನು ಕರೆಸಿ ರಕ್ತ ಕೇಳಬಹುದು. ಹೆಂಗಸರ ರಕ್ತವನ್ನು ಗಂಡಸು ವೈದ್ಯರು ತೆಗೆಯುವುದಾದರೆ ಇನ್ನೊಬ್ಬ ಹೆಂಗಸು ಅಲ್ಲಿ ಇರಲೇಬೇಕು. ರಕ್ತವನ್ನೂ ಕೊಡದಿದ್ದರೆ 205ನೇ ಕಲಮು ಕಾದಿರುತ್ತದೆ: ಸರಿಯಾದ ಕಾರಣ ತೋರಿಸದೆ ಮಾಡಿದ ನಿರಾಕರಣೆಯನ್ನು ಕೋರ್ಟು ಅವನ ವಿರುದ್ಧದ ಸಾಕ್ಷ್ಯಕ್ಕೆ ಬಲವೆಂದು ಭಾವಿಸಬಹುದು. ಸಂವಿಧಾನ ನನ್ನ ಬಾಯಿಂದಲೇ ನನ್ನ ವಿರುದ್ಧ ಸಾಕ್ಷಿ ಹೇಳಿಸಬಾರದು ಎನ್ನುತ್ತದಲ್ಲ ಎಂದು ಓದಿದ ಹುಡುಗರು ಕೇಳುತ್ತಾರೆ. 20ನೇ ವಿಧಿಯ ಮೂರನೇ ಭಾಗ, ಸರಿ. ಆದರೆ 1961ರಲ್ಲಿ ಕಾಥಿ ಕಾಲು ಓಘಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೆರಳಚ್ಚು, ಕೈಬರಹದಂಥವು ಆ ರಕ್ಷಣೆಯೊಳಗೆ ಬರುವ ‘ಸಾಕ್ಷಿ ಹೇಳಿಕೆ’ಯಲ್ಲ ಎಂದಿತು. ಮಂಪರು ಪರೀಕ್ಷೆಯನ್ನು ಬಲವಂತವಾಗಿ ಮಾಡಬಾರದೆಂದ 2010ರ ಸೆಲ್ವಿ ಪ್ರಕರಣ ನಮ್ಮ ಕರ್ನಾಟಕದಿಂದಲೇ ಹೋದದ್ದು. ಅಲ್ಲೂ ಕೋರ್ಟು ಮನಸ್ಸಿನೊಳಗಿನ ಮಾತನ್ನು ಒಂದು ಕಡೆ, ರಕ್ತದಂಥ ದೇಹದ ವಸ್ತುವನ್ನು ಇನ್ನೊಂದು ಕಡೆ ಇಟ್ಟು ನೋಡಿತು.

ಹಾಗಾದರೆ ಆರೋಪಿಗೆ ಇರುವ ನಿಜವಾದ ಆಸರೆ ಯಾವುದು? ನನ್ನನ್ನು ಕೇಳಿದರೆ ಗಡಿಯಾರ ಎನ್ನುತ್ತೇನೆ.

202ನೇ ಕಲಮಿನಲ್ಲಿ ಒಂದು ಸಾಲಿದೆ. 185ರ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಿದವನನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಿಡಬೇಕು. ನಮ್ಮ ಸೀಮೆಯ ಹೊರಗೆ ಕೂತು ಓದುವವರಿಗೆ ಎರಡು ಗಂಟೆ ಧಾರಾಳ ಅನ್ನಿಸಬಹುದು. ಕಾಡಂಚಿನ ಅಂತರಸಂತೆಯಾಚೆ ರಾತ್ರಿ ಹತ್ತಕ್ಕೆ ಒಬ್ಬನನ್ನು ಹಿಡಿದು, ಜೀಪಿನಲ್ಲಿ ಕೂರಿಸಿ, ಪಂಚರ ಸಹಿ ಹಾಕಿಸಿ, ಎಚ್.ಡಿ. ಕೋಟೆಯ ತಾಲೂಕು ಆಸ್ಪತ್ರೆಗೆ ತಂದಾಗ ರಾತ್ರಿ ಪಾಳಿಯ ಡಾಕ್ಟರು ಹೆರಿಗೆ ಕೊಠಡಿಯಲ್ಲಿದ್ದರೆ? ಗಡಿಯಾರ ನಿಲ್ಲುವುದಿಲ್ಲ. ಪೊಲೀಸರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕಾಗದದಲ್ಲಿ ಸಮಯ ಬರೆಯುವುದಕ್ಕೆ ಒಂದು ಪೆನ್ನು ಸಾಕು. ನಾನು ನೋಡಿದ ಒಂದು ಕಡತದಲ್ಲಿ ಹಿಡಿದ ಸಮಯ ‘ರಾತ್ರಿ’ ಎಂದಷ್ಟೇ ಇತ್ತು, ವೈದ್ಯರ ಪರೀಕ್ಷೆಯ ಸಮಯ ‘ಅದೇ ದಿನ’ ಎಂದಿತ್ತು. ಯಾವ ಠಾಣೆ, ಯಾವ ಆಸ್ಪತ್ರೆ ಎಂಬುದು ಬೇಡ. ಆ ಎರಡು ಪದಗಳ ನಡುವಿನ ಕತ್ತಲಲ್ಲಿ ಕೇಸೇ ಕಳೆದುಹೋಯಿತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಎರಡು ಗಂಟೆ ಮೀರಿದರೆ ಕೇಸು ತಾನಾಗಿಯೇ ಬಿದ್ದುಹೋಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ, ನನ್ನ ವೃತ್ತಿಬಾಂಧವರಲ್ಲೂ ಕೆಲವರು. ಕಲಮು ಹೇಳುವುದು ಬಂಧನದಿಂದ ಬಿಡಬೇಕು ಎಂದು ಮಾತ್ರ. ಕೇಸು ನಡೆಯಬಹುದು, ಸಾಕ್ಷ್ಯ ಸೊರಗಿರುತ್ತದೆ ಅಷ್ಟೆ.

ಪರೀಕ್ಷೆ ಎಂದರೆ ಬಾಯಿ ಮೂಸಿ ನೋಡಿ ‘ಮದ್ಯದ ವಾಸನೆ ಇದೆ’ ಎಂದು ಬರೆಯುವುದಲ್ಲ. 1971ರಲ್ಲಿ ಬಚುಭಾಯಿ ಹಸನಲ್ಲಿ ಕರ್ಯಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಆಡಿತ್ತು. ವಾಸನೆ, ತೂರಾಟ, ಹಿಗ್ಗಿದ ಕಣ್ಣಪಾಪೆ, ತೊದಲು ಮಾತು ಇದ್ದರೂ ರಕ್ತ, ಮೂತ್ರದ ಪರೀಕ್ಷೆಯಿಲ್ಲದೆ ಕುಡಿದಿದ್ದನೆಂದು ಖಚಿತವಾಗಿ ಹೇಳಲಾಗದು ಎಂದಿತು. ರಕ್ತ ತೆಗೆಯುವುದರಲ್ಲೂ ಸೂಕ್ಷ್ಮಗಳಿವೆ. ಸೂಜಿ ಚುಚ್ಚುವ ಮುಂಚೆ ಚರ್ಮವನ್ನು ಸ್ಪಿರಿಟ್ಟಿನಲ್ಲಿ ಒರೆಸಬಾರದು, ಸ್ಪಿರಿಟ್ಟೇ ಆಲ್ಕೋಹಾಲು. ಸೀಸೆಗೆ ಸೋಡಿಯಂ ಫ್ಲೋರೈಡ್ ಹಾಕದಿದ್ದರೆ ಇಟ್ಟ ರಕ್ತ ಹುಳಿಯೆದ್ದು ಅದರಲ್ಲೇ ಮದ್ಯಸಾರ ಹುಟ್ಟಬಹುದು. ಮೊಹರು ಹಾಕಿದ ಸೀಸೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಮೈಸೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮುಟ್ಟುವ ತನಕ ಎಲ್ಲಿತ್ತು, ಫ್ರಿಜ್ಜಿನಲ್ಲೋ ಠಾಣೆಯ ಬೀರುವಿನ ಮೇಲೋ? ಮುಂಬಯಿಯಲ್ಲಿ 2002ರ ಸೆಪ್ಟೆಂಬರಿನಲ್ಲಿ ನಡೆದ ಅಪಘಾತದ ಕೇಸಿನಲ್ಲಿ ನಟ ಸಲ್ಮಾನ್ ಖಾನರನ್ನು ಬಾಂಬೆ ಹೈಕೋರ್ಟು 2015ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದಾಗ ಆ ತೀರ್ಪಿನಲ್ಲಿ ಅಲುಗಾಡಿದ ಕೊಂಡಿಗಳಲ್ಲಿ ಈ ರಕ್ತದ ಸೀಸೆಯ ಪ್ರಯಾಣವೂ ಒಂದು. ಸಿನಿಮಾ ನಟನಿಗೆ ಸಿಕ್ಕ ಪಾಟೀಸವಾಲು ನಮ್ಮ ಕಟ್ಟೆಮಳಲವಾಡಿಯ ರೈತನಿಗೂ ಸಿಗಬೇಕಾದದ್ದೇ. ಆದರೆ ಅವನು ಅದನ್ನು ಕೇಳುವುದೇ ಇಲ್ಲ.

ಏಕೆ ಕೇಳುವುದಿಲ್ಲ ಎಂದರೆ, ಅವನು ಮೊದಲ ದಿನವೇ “ತಪ್ಪಾಯ್ತು ಸ್ವಾಮಿ” ಎಂದುಬಿಡುತ್ತಾನೆ.

2019ರ ಸೆಪ್ಟೆಂಬರ್ 1ರಿಂದ ಮೊದಲ ಸಲದ ದಂಡ 10,000 ರೂಪಾಯಿ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಎರಡನೆಯ ಸಲಕ್ಕೆ 15,000, ಎರಡು ವರ್ಷದವರೆಗೆ ಸೆರೆ. ಮೊದಲು ಇದು 2,000 ಮತ್ತು 3,000 ಇತ್ತು. ಅದೇ ತಿಂಗಳು ರಾಜ್ಯ ಸರ್ಕಾರ ಹೆಲ್ಮೆಟ್ಟಿನಂಥ ಕೆಲವು ದಂಡಗಳನ್ನು ಇಳಿಸಿತಲ್ಲ, ಇದನ್ನೇಕೆ ಇಳಿಸಲಿಲ್ಲ ಎಂದು ಕೇಳುತ್ತಾರೆ. ಇಳಿಸಲು ಬರುವುದಿಲ್ಲ. ರಸ್ತೆ ಬದಿಯಲ್ಲಿ ರಸೀದಿ ಹರಿದು ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ. ಕೋರ್ಟಿಗೆ ಬರಲೇಬೇಕು. ಆದ್ದರಿಂದ ರಸ್ತೆಯಲ್ಲಿ ಯಾರಾದರೂ ‘ಇಷ್ಟು ಕೊಡು, ಇಲ್ಲೇ ಮುಗಿಸೋಣ’ ಎಂದರೆ ಆ ಹಣ ಸರ್ಕಾರಕ್ಕೆ ಹೋಗುವುದಲ್ಲ ಎಂದು ತಿಳಿಯಿರಿ.

ಕೂಲಿ ಮಾಡುವವನು 10,000 ಹೊಂದಿಸುವುದು ಸುಲಭವಲ್ಲ. ಸಾಲ ಮಾಡಿ ತರುತ್ತಾನೆ, ಕಟ್ಟುತ್ತಾನೆ, ಮುಗಿಯಿತು ಎಂದುಕೊಂಡು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾನೆ. ಮುಗಿದಿರುವುದಿಲ್ಲ. ಕಾಯ್ದೆಯ 20ನೇ ಕಲಮಿನಂತೆ 185ರಲ್ಲಿ ಶಿಕ್ಷೆಯಾದವನ ಲೈಸೆನ್ಸನ್ನು ಕೋರ್ಟು ಕನಿಷ್ಠ ಆರು ತಿಂಗಳು ಅನರ್ಹಗೊಳಿಸಬೇಕು. ‘ಬಹುದು’ ಅಲ್ಲ, ‘ಬೇಕು’. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ದಿನಾ ಆಟೊ ಹೊಡೆದು ಬದುಕುವವನಿಗೆ ಆರು ತಿಂಗಳು ಎಂದರೆ ದಂಡಕ್ಕಿಂತ ದೊಡ್ಡ ಶಿಕ್ಷೆ. ಅವನು ಲೈಸೆನ್ಸ್ ಇಲ್ಲದೆ ಓಡಿಸುತ್ತಾನೆ, ಅದು ಇನ್ನೊಂದು ಕೇಸಾಗುತ್ತದೆ. ಆ ಹೊತ್ತಿನಲ್ಲಿ ಅಪಘಾತವೇನಾದರೂ ಆದರೆ ವಿಮೆಯೂ ಕೈಬಿಡುತ್ತದೆ. ಒಂದು ತಪ್ಪೊಪ್ಪಿಗೆಯ ಬಾಲ ಇಷ್ಟುದ್ದ.

ತಪ್ಪೊಪ್ಪಿಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಚೀಟಿ ನೆಟ್ಟಗಿದ್ದು, ಗಡಿಯಾರ ಸರಿಯಿದ್ದು, ಅಂಕಿ ಮಿತಿಯ ಮೂರು ಪಟ್ಟಿದ್ದರೆ ಒಪ್ಪಿಕೊಂಡು ನ್ಯಾಯಾಧೀಶರ ದಯೆ ಕೇಳುವುದೇ ಮೇಲು. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರಿಗೆ ನಾನು ಕೊಡುವ ಸಲಹೆ ಅದೇ. ಆದರೆ ಕಾಗದ ನೋಡಿ ಒಪ್ಪಿಕೊಳ್ಳುವುದು ಬೇರೆ, ಬಸ್ಸು ತಪ್ಪುತ್ತದೆಂದು ಒಪ್ಪಿಕೊಳ್ಳುವುದು ಬೇರೆ. ಕುಡುಕರಿಗೆ ದಾರಿ ಹೇಳಿಕೊಡುತ್ತೀರಲ್ಲ ಎಂದು ಒಬ್ಬ ಮೇಷ್ಟ್ರು ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು. ಯಂತ್ರ ಕೆಟ್ಟಿದ್ದರೆ ಕುಡಿಯದ ಮೇಷ್ಟ್ರೂ ಸಿಕ್ಕಿಬೀಳಬಹುದಲ್ಲವೇ ಎಂದೆ. ಅವರು ಪೂರ್ತಿ ಒಪ್ಪಲಿಲ್ಲ.

ನಮ್ಮ ಸೀಮೆಗೆ ಎಲ್ಲಕ್ಕಿಂತ ಭಾರದ ವಿಷಯ ಮಾಲೀಕರದ್ದು. ದಸರಾ ಆಸುಪಾಸಿನಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾದರೆ ಚಿಲ್ಕುಂದ, ಕಂಪಲಾಪುರ, ರಾವಂದೂರಿನ ಮಾರುಕಟ್ಟೆಗಳ ಕಡೆಗೆ ಬೇಲು ಹೇರಿದ ಟ್ರ್ಯಾಕ್ಟರು, ಗೂಡ್ಸ್ ಆಟೊಗಳ ಸಾಲು. ಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ವಾರಗಟ್ಟಲೆ ನಿದ್ದೆಗೆಟ್ಟವರು, ಕೈಗೆ ದುಡ್ಡು ಬಂದ ದಿನ. ಮಾಲೀಕ ಸೋಮಾರಿತನಕ್ಕೋ ಸಲಿಗೆಗೋ ಕೀಯನ್ನು ಡ್ರೈವರ್ ಹುಡುಗನ ಕೈಗೆ ಕೊಟ್ಟು “ನೀನೇ ತಗೊಂಡ್ ಹೋಗ್ಲಾ” ಎಂದು ಬಸ್ಸು ಹತ್ತುತ್ತಾನೆ. ಹುಡುಗ ಹಾಕಿದ್ದಾನೆಂದು ಗೊತ್ತಿದ್ದೂ ಕೀ ಕೊಟ್ಟಿದ್ದರೆ 188ನೇ ಕಲಮು ಮಾಲೀಕನನ್ನೂ ಹಿಡಿಯುತ್ತದೆ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಕುಡಿದವನಷ್ಟೇ ಶಿಕ್ಷೆ.

ಅದಕ್ಕಿಂತ ದೊಡ್ಡದು ಪರಿಹಾರದ ಹಣ. ದಾರಿಯಲ್ಲಿ ಆ ಟ್ರ್ಯಾಕ್ಟರು ಒಬ್ಬ ಸೈಕಲ್ ಸವಾರನಿಗೆ ಗುದ್ದಿ, ಅವನು ತೀರಿಕೊಂಡ ಎನ್ನಿ. ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾರೆ, ಹತ್ತಾರು ಲಕ್ಷದ ತೀರ್ಪು ಬರಬಹುದು. ‘ಇನ್ಶೂರೆನ್ಸ್ ಇದೆಯಲ್ಲ’ ಎಂದು ಮಾಲೀಕ ನೆಮ್ಮದಿಯಾಗಿರುತ್ತಾನೆ. 2019ರ ತಿದ್ದುಪಡಿಯ ವಿಮೆಯ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 150ನೇ ಕಲಮಿನಲ್ಲಿ 185ರಲ್ಲಿ ಹೇಳಿದಂತೆ ಕುಡಿದು ಅಥವಾ ಮಾದಕ ಸೇವಿಸಿ ಓಡಿಸಿದ್ದು ಪಾಲಿಸಿಯ ಷರತ್ತು ಮುರಿದಂತೆ ಎಂಬ ವಾದವನ್ನು ವಿಮಾ ಕಂಪನಿ ಎತ್ತಬಹುದೆಂದು ಸ್ಪಷ್ಟವಾಗಿ ಬರೆದಿದೆ. ಸತ್ತವನ ಮನೆಯವರು ಬೀದಿಗೆ ಬೀಳಬಾರದೆಂದು ನ್ಯಾಯಾಲಯಗಳು ಕಂಪನಿಗೇ ಮೊದಲು ಹಣ ಕೊಡಲು ಹೇಳಿ, ಆಮೇಲೆ ಗಾಡಿಯವರಿಂದ ವಸೂಲಿ ಮಾಡಿಕೊಳ್ಳಿ ಎನ್ನುವುದುಂಟು. ಆ ವಸೂಲಿ ಬರುವುದು ಎಲ್ಲಿಗೆ? ಮಾಲೀಕನ ಪಹಣಿಯ ಮೇಲೆ. ಎರಡು ಎಕರೆ ಜಮೀನು ಹೋಗುವುದನ್ನು ತಡೆಯಲು ಮನೆಯವರು ಕೋರ್ಟಿನ ಮೆಟ್ಟಿಲಲ್ಲಿ ಕೂತದ್ದನ್ನು ನೋಡಿದ್ದೇನೆ. ಮಾಲೀಕ ಆಯುಷ್ಯದಲ್ಲಿ ಒಂದು ಹನಿ ಮುಟ್ಟಿದವನಲ್ಲ.

ಸ್ವಂತ ಗಾಡಿಯ ನಷ್ಟಕ್ಕಂತೂ ಕಂಪನಿಯ ಕೈ ಇನ್ನೂ ಬಲ. 2007ರ ಡಿಸೆಂಬರಿನಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ದುಬಾರಿ ಪೋರ್ಶೆ ಕಾರು ಫುಟ್‌ಪಾತಿಗೆ ಬಡಿದು ಮಗುಚಿ ಹೊತ್ತಿ ಉರಿಯಿತು. ಊದಿಸಿದ ಅಂಕಿ ಇಲ್ಲ, ಆಸ್ಪತ್ರೆಯ ಚೀಟಿಯಲ್ಲಿ ಮದ್ಯದ ವಾಸನೆ ಎಂದು ಮಾತ್ರ ಇದೆ. ಪರ್ಲ್ ಬೆವರೇಜಸ್ ಪ್ರಕರಣವೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟು 2021ರ ಏಪ್ರಿಲ್ 12ರಂದು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಕ್ರಿಮಿನಲ್ ಕೇಸಿನಲ್ಲಿ 30 ಮಿಲಿಗ್ರಾಂ ಸಾಬೀತಾಗದಿದ್ದರೂ ಪಾಲಿಸಿಯ ಲೆಕ್ಕದಲ್ಲಿ ಸಂದರ್ಭಗಳನ್ನು ನೋಡಿ ಅಮಲಿನಲ್ಲಿದ್ದ ಎಂದು ತೀರ್ಮಾನಿಸಬಹುದು ಎಂದಿತು. ಅಂದರೆ ಹುಣಸೂರಿನ ಮ್ಯಾಜಿಸ್ಟ್ರೇಟರ ಮುಂದೆ ಗೆದ್ದವನು ವಿಮಾ ಕಂಪನಿಯ ಮುಂದೆ ಸೋಲಬಹುದು. ಒಂದೇ ರಾತ್ರಿ, ಎರಡು ತಕ್ಕಡಿ.

ಜೀವ ಹೋದ ಕೇಸುಗಳಲ್ಲಿ 185 ಬರೀ ಬಾಲಂಗೋಚಿ. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಐದು ವರ್ಷದವರೆಗೆ ಶಿಕ್ಷೆ. ಹಳೆಯ ದಂಡ ಸಂಹಿತೆಯಲ್ಲಿ ಎರಡು ವರ್ಷವಿತ್ತು. ಸಾವು ಸಂಭವಿಸಬಹುದೆಂಬ ಅರಿವಿದ್ದೇ ಓಡಿಸಿದ ಎಂದಾದರೆ ಅದು 105ಕ್ಕೆ, ಕೊಲೆಯಲ್ಲದ ನರಹತ್ಯೆಗೆ ಹೋಗುತ್ತದೆ. 2006ರ ನವೆಂಬರಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಮಲಗಿದ್ದ ಕೂಲಿಗಳ ಮೇಲೆ ಕಾರು ಹರಿಸಿ ಏಳು ಜನರನ್ನು ಕೊಂದ ಅಲಿಸ್ಟರ್ ಪರೇರಾ, 1999ರ ಜನವರಿಯಲ್ಲಿ ದೆಹಲಿಯಲ್ಲಿ ಆರು ಜನರ ಸಾವಿಗೆ ಕಾರಣನಾದ ಸಂಜೀವ್ ನಂದಾ, ಇಬ್ಬರನ್ನೂ ಸುಪ್ರೀಂ ಕೋರ್ಟು 2012ರಲ್ಲಿ ಆ ದೊಡ್ಡ ಅಪರಾಧದಡಿಯೇ ತಂದಿತು. ನಂದಾ ಜಾಗದಿಂದ ಓಡಿಹೋಗಿದ್ದ. ಅಪಘಾತವಾಗಿ ಗಂಟೆಗಳು ಕಳೆದ ಮೇಲೆ ತೆಗೆದ ರಕ್ತದಲ್ಲೂ 115 ಮಿಲಿಗ್ರಾಂ ಇತ್ತು. ಓಡಿಹೋದರೆ ಇಳಿದುಹೋಗುತ್ತದೆ ಎಂದುಕೊಳ್ಳುವವರಿಗೆ ಮೊದಲೇ ಒಂದು ಲೆಕ್ಕ ಹೇಳಿದೆನಲ್ಲ, ಗಂಟೆಗೆ 15.

ಮಾದಕ ವಸ್ತುವಿನ ಮಾತು ಬೇರೆ. ಗಾಂಜಾಕ್ಕೆ, ಮಾತ್ರೆಗೆ 30 ಮಿಲಿಗ್ರಾಮಿನಂಥ ಅಂಕಿ ಕಾಯ್ದೆಯಲ್ಲಿಲ್ಲ, ನಮ್ಮ ಪೊಲೀಸರ ಊದುವ ಯಂತ್ರಕ್ಕೂ ಅದು ಕಾಣುವುದಿಲ್ಲ. ಗಾಡಿಯನ್ನು ಸರಿಯಾಗಿ ಹತೋಟಿಯಲ್ಲಿಡಲಾರದ ಸ್ಥಿತಿ ಇತ್ತೇ ಎಂಬುದೇ 185ರ ಎರಡನೆಯ ಭಾಗದ ಪ್ರಶ್ನೆ. ಅಂದರೆ 1939ರ ಆ ಹಳೆಯ ಪ್ರಶ್ನೆ ಇಲ್ಲಿ ಇನ್ನೂ ಉಸಿರಾಡುತ್ತಿದೆ, ‘ಟೈಟಾಗಿರಲಿಲ್ಲ ಸಾ’ ಎಂಬ ವಾದಕ್ಕೆ ಬೆಲೆ ಇರುವುದು ಇಲ್ಲಿ ಮಾತ್ರ. ನೆಗಡಿ, ತುರಿಕೆಗೆ ಕೊಡುವ ಕೆಲವು ಮಾತ್ರೆಗಳು, ಕೆಮ್ಮಿನ ಸಿರಪ್ಪು, ನಿದ್ದೆ ಮಾತ್ರೆ ಇವೂ ಮಂಪರು ತರುತ್ತವೆ. ವೈದ್ಯರ ಚೀಟಿ ಇದ್ದರೆ ಅದನ್ನು ಜೋಪಾನವಾಗಿಡಿ. ಆದರೆ ಚೀಟಿ ಇದ್ದ ಮಾತ್ರಕ್ಕೆ ಸ್ಟಿಯರಿಂಗ್ ಹಿಡಿಯುವ ಹಕ್ಕು ಬರುವುದಿಲ್ಲ. ಗಾಂಜಾ ಸೇವನೆ ತಾನೇ ಬೇರೊಂದು ಅಪರಾಧ, ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮು. ಅದೇ ಕಾಯ್ದೆಯ 64ಎ ಕಲಮಿನಲ್ಲಿ, ಚಟ ಬಿಡಿಸಿಕೊಳ್ಳಲು ತಾನಾಗಿಯೇ ಚಿಕಿತ್ಸೆಗೆ ಹೋದ ವ್ಯಸನಿಗೆ ಆ ಸೇವನೆಯ ಮೊಕದ್ದಮೆಯಿಂದ ರಕ್ಷಣೆಯಿದೆ. ಮಗ ಹಾಳಾಗುತ್ತಿದ್ದಾನೆಂದು ಗೊತ್ತಿದ್ದೂ ಪೊಲೀಸಿಗೆ ಹೆದರಿ ಆಸ್ಪತ್ರೆಗೆ ಕರೆದೊಯ್ಯದ ತಾಯಂದಿರು ಈ ಒಂದು ಸಾಲನ್ನು ಕೇಳಿಸಿಕೊಳ್ಳಬೇಕು.

ಒಂದು ಸಣ್ಣ ಅಡ್ಡಮಾತು. ಹೆದ್ದಾರಿಯ 500 ಮೀಟರಿನೊಳಗೆ ಮದ್ಯದ ಅಂಗಡಿ ಕೂಡದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೇಳಿದಾಗ ಬೆಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ನಮ್ಮ 275ನೇ ಹೆದ್ದಾರಿಯುದ್ದಕ್ಕೂ ಸಂಚಲನವಾಗಿತ್ತು. 2017ರ ಮಾರ್ಚಿನಲ್ಲಿ ಸಣ್ಣ ಊರುಗಳಿಗೆ ಅದು 220 ಮೀಟರಾಯಿತು, ಜುಲೈನಲ್ಲಿ ಪುರಸಭೆ, ನಗರಸಭೆಗಳ ಮಿತಿಯೊಳಗೆ ಅನ್ವಯಿಸದೆಂದು ಸ್ಪಷ್ಟನೆ ಬಂತು. ದಾರಿಹೋಕನಿಗೆ ದೂರ ಮಾಡಹೊರಟ ಅಂಗಡಿ ಒಂದೇ ವರ್ಷದಲ್ಲಿ ಊರೊಳಗಿನ ಹೆದ್ದಾರಿಗೆ ಮರಳಿತು. ಇದರಲ್ಲಿ ನಾನು ಯಾರನ್ನೂ ಬಯ್ಯುವುದಿಲ್ಲ, ಬೈಕನ್ನು ಬಾರಿನ ಮುಂದೆ ನಿಲ್ಲಿಸುವುದು ಈಗ ಮತ್ತೆ ಮೊದಲಿನಷ್ಟೇ ಸುಲಭ ಎಂದಷ್ಟೇ ಹೇಳುತ್ತೇನೆ.

ಕೊನೆಯಲ್ಲಿ ಒಂದು ಕೋರಿಕೆ. ಕೇಸಾದರೆ ಯಂತ್ರದ ಚೀಟಿಯ ನಕಲು ಕೇಳಿ. ಎಷ್ಟು ಗಂಟೆಗೆ ನಿಲ್ಲಿಸಿದರು, ಎಷ್ಟಕ್ಕೆ ಊದಿಸಿದರು, ಎಷ್ಟಕ್ಕೆ ಡಾಕ್ಟರು ನೋಡಿದರು ಎಂಬುದನ್ನು ಆ ರಾತ್ರಿಯೇ ಮನೆಯಲ್ಲಿ ಯಾರ ಕೈಯಲ್ಲಾದರೂ ಬರೆಸಿಡಿ. ಓದದೆ ಸಹಿ ಹಾಕಬೇಡಿ. ಓದಲು ಬರದಿದ್ದರೆ ಓದಿ ಹೇಳಿ ಎನ್ನಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಾಗಬೇಡಿ. ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಪರಿಶಿಷ್ಟ ಜಾತಿಯವರು, ಕೋಟೆ ಹುಣಸೂರಿನ ಹಾಡಿಗಳ ಜೇನುಕುರುಬರೂ ಸೇರಿದಂತೆ ಪರಿಶಿಷ್ಟ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯದ ಲೆಕ್ಕ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಬಡವರಿಗೆ ಆದಾಯ ನೋಡಿ ಕೊಡುತ್ತಾರೆ. ಫೋನಿನಲ್ಲಿ ಕೇಳುವುದಾದರೆ ಸಹಾಯವಾಣಿಯ ನಂಬರು 15100.

ನನ್ನ ಬಳಿಗೇ ಬರುವುದಾದರೆ, ಭಾವನನ್ನು ಮನೆಯಲ್ಲೇ ಬಿಟ್ಟು ಆ ಚೀಟಿಯನ್ನು ತನ್ನಿ. ಬಸ್ಸಿನಲ್ಲಿ ಬನ್ನಿ.